ಕೆಡವಿ ಕಟ್ಟಿದ ನೋಟ

ರೋಮ್ ನಗರದವರಿಗೆ ತಮ್ಮ ಊರಿನ ಅತಿ ದೊಡ್ಡ ರಾಷ್ಟ್ರೀಯ ಸ್ಮಾರಕದ ಮೇಲೆ ಹೇಳಿಕೊಳ್ಳುವಂಥ ಪ್ರೀತಿಯಿಲ್ಲ. ಟೈಪ್‌ರೈಟರ್ ಅನ್ನುತ್ತಾರೆ, ಮದುವೆ ಕೇಕು ಅನ್ನುತ್ತಾರೆ, ನಾಲಿಗೆ ಇನ್ನಷ್ಟು ಹರಿತವಾಗಿರುವವರು ಹಲ್ಲಿನ ಸೆಟ್ಟು ಅನ್ನುತ್ತಾರೆ. ಊರನ್ನು ನೋಡಲು ಅದರ ತುದಿಗಿಂತ ಒಳ್ಳೆಯ ಜಾಗವಿಲ್ಲ, ಯಾಕೆಂದರೆ ಅಲ್ಲಿ ನಿಂತಾಗ ಅದೊಂದು ಕಾಣುವುದಿಲ್ಲ ಎಂಬ ಕುಹಕವೂ ಚಾಲ್ತಿಯಲ್ಲಿದೆ. ಹೀಗೆ ಆಡಿಕೊಳ್ಳುವವರೆಲ್ಲ ಒಂದಲ್ಲ ಒಂದು ದಿನ ಮೇಲೆ ಹತ್ತಿಯೇ ಇರುತ್ತಾರೆ ಅನ್ನುವುದು ನನ್ನ ಗುಮಾನಿ.

ಹೆಸರು ವಿಟ್ಟೋರಿಯಾನೊ. ಚೂರುಚೂರಾಗಿದ್ದ ಇಟಲಿ 1861ರಲ್ಲಿ ಒಂದೇ ರಾಜ್ಯವಾದಾಗ ಪಟ್ಟಕ್ಕೆ ಬಂದ ಎರಡನೇ ವಿಟ್ಟೋರಿಯೊ ಇಮಾನುಯೆಲೆಯ ನೆನಪಿಗೆ ಕಟ್ಟಿದ್ದು. ದೇಶದ ಮೊದಲ ದೊರೆ ಎರಡನೆಯವನಾದದ್ದು ಹೇಗೆಂದರೆ, ಅದಕ್ಕೂ ಮುಂಚೆ ಅವನು ಸಾರ್ಡೀನಿಯಾದ ದೊರೆ. ಅಲ್ಲಿನ ಸಂಖ್ಯೆಯನ್ನೇ ಇಲ್ಲಿಗೂ ಹೊತ್ತು ತಂದ. ಹೊಸ ದೇಶ ಕೈಗೆ ಬಂದರೂ ಮನೆತನದ ಲೆಕ್ಕ ಬಿಡಲೊಲ್ಲದ ಮನುಷ್ಯ. 1878ರಲ್ಲಿ ತೀರಿಕೊಂಡ. ಸಮಾಧಿ ಇರುವುದು ಪ್ಯಾಂಥಿಯನ್‌ನಲ್ಲಿ. ಇಲ್ಲಿರುವುದು ಕುದುರೆಯ ಮೇಲೆ ಕೂತ ಅವನ ಕಂಚಿನ ವಿಗ್ರಹ, 12 ಮೀಟರ್ ಎತ್ತರದ್ದು. ಅದಕ್ಕೆ ಬೇಕಾದ ಕಂಚನ್ನು ಸೈನ್ಯದ ಫಿರಂಗಿಗಳನ್ನು ಕರಗಿಸಿ ತೆಗೆದರು. ಎರಕ ಮುಗಿದಾಗ ಕುದುರೆಯ ಹೊಟ್ಟೆಯೊಳಗೆ ಮೇಜು ಹಾಕಿ ಇಪ್ಪತ್ತು ಜನರಷ್ಟು ಕೂತು ಪಾನೀಯ ಸೇವಿಸಿದ ಫೋಟೊ ಒಂದಿದೆ. ಕೋಟು ತೊಟ್ಟ ಗಂಡಸರು ಗಂಭೀರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ. ಇಡೀ ಸ್ಮಾರಕದ ಚರಿತ್ರೆಯಲ್ಲಿ ನನಗೆ ಇಷ್ಟವಾದ ಪ್ರಸಂಗ ಅದು.

ಪಿಯಾಝಾ ವೆನೆಝಿಯಾ ಚೌಕದಲ್ಲಿ ಬಸ್ಸಿಳಿದರೆ ಮೊದಲು ಎದುರಾಗುವುದು ಮೆಟ್ರೊ ಕಾಮಗಾರಿಯ ತಡೆಗೋಡೆ. ಅದರ ಮೇಲಿಂದ ಕಣ್ಣೆತ್ತಿದರೆ ಆ ಬಿಳುಪು. 135 ಮೀಟರ್ ಅಗಲ, ತುದಿಯ ಕಂಚಿನ ರಥಗಳವರೆಗೆ 81 ಮೀಟರ್ ಎತ್ತರ, ಅಷ್ಟೂ ಬಿಳಿ. ರೋಮಿನ ಉಳಿದ ಕಟ್ಟಡಗಳ ಕಲ್ಲು ಟ್ರಾವರ್ಟೈನ್. ಮಳೆ ಬಿಸಿಲಿಗೆ ಕಾಲಕ್ರಮದಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಗೋಡೆಗಳದ್ದು ಕಾವಿ, ಕೆಮ್ಮಣ್ಣಿನ ಬಣ್ಣ. ಇದಕ್ಕೆ ಮಾತ್ರ ಉತ್ತರದ ಬ್ರೆಶಾ ಸೀಮೆಯ ಬೊತ್ತಿಚೀನೊ ಕಲ್ಲು ತರಿಸಿದರು. ಆ ಕಾಲದ ಪ್ರಭಾವಿ ರಾಜಕಾರಣಿ ಜುಸೆಪ್ಪೆ ಝನಾರ್ದೆಲ್ಲಿಯ ಊರು ಬ್ರೆಶಾ. ಕಲ್ಲಿಗೂ ಕ್ಷೇತ್ರಕ್ಕೂ ಇರುವ ಈ ನಂಟಿನ ಬಗ್ಗೆ ಜನ ಆಗಲೂ ಆಡಿಕೊಂಡಿದ್ದರು, ಈಗಲೂ ಆಡಿಕೊಳ್ಳುತ್ತಾರೆ. ನೂರು ವರ್ಷ ದಾಟಿದರೂ ಕಲ್ಲು ಊರಿಗೆ ಹೊಂದಿಕೊಂಡಿಲ್ಲ. ನಿನ್ನೆ ಸುಣ್ಣ ಬಳಿದಂತೆ ಹಾಗೇ ಇದೆ.

ನನ್ನ ತಂಗಿಯ ಮಗಳು ರೋಮಿನಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆ ಓದುತ್ತಿದ್ದಾಳೆ. ಅವಳಿಗೆ ಈ ಸ್ಮಾರಕದ ಮೇಲೆ ವಿಶೇಷ ಸಿಟ್ಟು.

“ಇದಕ್ಕೆ ಜಾಗ ಮಾಡೋಕೆ ಗುಡ್ಡದ ಒಂದು ಮಗ್ಗುಲನ್ನೇ ಕಿತ್ತು ಹಾಕಿದ್ರು ದೊಡ್ಡಮ್ಮ,” ಅಂದಳು.

“ಮತ್ತೆ ನನ್ನ ಇಲ್ಲಿಗ್ಯಾಕೆ ಕರ್ಕೊಂಡು ಬಂದೆ?”

“ಮೇಲಿಂದ ಚೆನ್ನಾಗಿ ಕಾಣುತ್ತಲ್ಲ, ಅದಕ್ಕೆ.”

ಗುಡ್ಡದ ಬಗ್ಗೆ ಅವಳು ಹೇಳಿದ್ದು ಸರಿ. ಈ ಗುಡ್ಡ ಕ್ಯಾಪಿಟೊಲೈನ್, ರೋಮಿನ ಏಳು ಗುಡ್ಡಗಳಲ್ಲಿ ಗಾತ್ರಕ್ಕೆ ಚಿಕ್ಕದು, ಮರ್ಯಾದೆಗೆ ದೊಡ್ಡದು. ದೇವತೆಗಳ ದೊರೆ ಜುಪಿಟರ್‌ನ ಮಹಾ ದೇವಾಲಯ ಇದ್ದದ್ದು ಇದರ ಮೇಲೆ. 1885ರಲ್ಲಿ ಅಡಿಗಲ್ಲು ಬೀಳುವ ಹೊತ್ತಿಗೆ ಅದರ ಉತ್ತರದ ಇಳಿಜಾರಿನಲ್ಲಿ ಮಧ್ಯಯುಗದ ಮನೆಗಳು, ಅರಾಚೇಲಿ ಚರ್ಚಿಗೆ ಸೇರಿದ ಸನ್ಯಾಸಿ ಮಠದ ಪ್ರಾಕಾರಗಳು, ಪೋಪ್ ಮೂರನೇ ಪೌಲ್ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ ಗೋಪುರ, ಎಲ್ಲ ಇದ್ದವು. ಎಲ್ಲವೂ ಹೋದವು. ಚೌಕ ಅಗಲವಾಗಬೇಕೆಂದು ಎದುರಿಗಿದ್ದ ಚಿಕ್ಕ ಅರಮನೆಯೊಂದನ್ನು ಬಿಚ್ಚಿ ಪಕ್ಕಕ್ಕೆ ಸರಿಸಿ ಮತ್ತೆ ಜೋಡಿಸಿದರು. 1764ರ ಅಕ್ಟೋಬರಿನ ಒಂದು ಸಂಜೆ ಇದೇ ಗುಡ್ಡದ ಪಾಳಿನ ನಡುವೆ ಕೂತಿದ್ದ ಇಂಗ್ಲಿಷ್ ಚರಿತ್ರೆಕಾರ ಎಡ್ವರ್ಡ್ ಗಿಬ್ಬನ್‌ಗೆ ಬರಿಗಾಲ ಸನ್ಯಾಸಿಗಳ ಸಂಜೆ ಪ್ರಾರ್ಥನೆ ಕೇಳಿಸಿತಂತೆ, ರೋಮಿನ ಪತನದ ಚರಿತ್ರೆ ಬರೆಯಬೇಕು ಅನ್ನಿಸಿದ್ದು ಆಗಲೇ ಅಂತೆ. ಆ ಸನ್ಯಾಸಿಗಳ ಮಠವೇ ಈಗ ಅಡಿಪಾಯಕ್ಕೆ ಆಹುತಿಯಾಗಿದೆ.

ಸ್ಮಾರಕದ ಎಡ ಮೂಲೆಯಲ್ಲಿ ಕಬ್ಬಿಣದ ಕಟಕಟೆಯೊಳಗೆ ಒಂದು ಮುರುಕು ಗೋಡೆ ಉಳಿದಿದೆ. ಅದು ಗಾಯಸ್ ಪುಬ್ಲಿಸಿಯಸ್ ಬಿಬ್ಯುಲಸ್ ಎಂಬುವನ ಗೋರಿ, ಎರಡು ಸಾವಿರ ವರ್ಷ ಹಳೆಯದು. ಪ್ರಾಚೀನ ರೋಮಿನದ್ದು ಅನ್ನುವ ಒಂದೇ ಕಾರಣಕ್ಕೆ ಬಚಾವಾಯಿತು. ಮುನ್ನೂರೈವತ್ತು ವರ್ಷದ ಗೋಪುರಕ್ಕೆ ಆ ಭಾಗ್ಯ ಇರಲಿಲ್ಲ. ಈ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಮೇಲಿಂದ ಏನನ್ನು ನೋಡಿದರೂ ಇದೇ ಲೆಕ್ಕ.

ಕಟ್ಟಿದವರದ್ದೂ ಒಂದು ಲೆಕ್ಕ ಇತ್ತೆನ್ನಿ. 1870ರವರೆಗೆ ರೋಮ್ ಪೋಪರ ಆಳ್ವಿಕೆಯಲ್ಲಿತ್ತು. ಇಟಲಿಯ ಸೈನ್ಯ ಪೋರ್ಟಾ ಪಿಯಾ ಬಾಗಿಲ ಪಕ್ಕದ ಕೋಟೆಗೋಡೆ ಒಡೆದು ಒಳಗೆ ಬಂತು. ಪೋಪ್ ವ್ಯಾಟಿಕನ್ ಸೇರಿ ಬಾಗಿಲು ಹಾಕಿಕೊಂಡರು. ಆ ಮುನಿಸು 1929ರವರೆಗೆ ನಡೆಯಿತು. ಊರಿನ ಯಾವ ಮೂಲೆಯಲ್ಲಿ ನಿಂತರೂ ಸಂತ ಪೀಟರ್ ಚರ್ಚಿನ ಗುಮ್ಮಟ ಕಾಣುತ್ತಿರುವಾಗ ಹೊಸ ಸರ್ಕಾರಕ್ಕೆ ಅದಕ್ಕೆದುರಾಗಿ ನಿಲ್ಲುವ ಏನಾದರೊಂದು ಬೇಕಿತ್ತು. ವಿನ್ಯಾಸಕ್ಕೆಂದು ನಡೆಸಿದ ಮೊದಲ ಸ್ಪರ್ಧೆಯಲ್ಲಿ ಗೆದ್ದದ್ದು ಒಬ್ಬ ಫ್ರಾನ್ಸಿನವನು. ಇಟಲಿಯ ಏಕತೆಯ ಸ್ಮಾರಕವನ್ನು ಫ್ರಾನ್ಸಿನವನು ಕಟ್ಟುವುದೆಂದರೇನು? ಅದನ್ನು ಬದಿಗಿಟ್ಟು ಇನ್ನೊಂದು ಸ್ಪರ್ಧೆ ನಡೆಸಿ, ಮೂವತ್ತು ವರ್ಷದ ಜುಸೆಪ್ಪೆ ಸಕ್ಕೋನಿಯನ್ನು ಆರಿಸಿದರು. ಅವನು ಬದುಕಿನ ಉಳಿದ ಕಾಲವನ್ನೆಲ್ಲ ಇದಕ್ಕೇ ತೇಯ್ದು 1905ರಲ್ಲಿ ತೀರಿಕೊಂಡ. ಉದ್ಘಾಟನೆಯಾದದ್ದು 1911ರ ಜೂನ್ 4ರಂದು, ಏಕೀಕರಣದ ಐವತ್ತನೇ ವರ್ಷದಲ್ಲಿ. ಅಳಿದುಳಿದ ಕೆಲಸ ಮುಗಿಯಲು 1935 ಆಯಿತು. ಅಷ್ಟರಲ್ಲಿ ದೇಶವನ್ನು ನಡೆಸುತ್ತಿದ್ದವರು ಬೇರೆ, ನಡೆಸುವ ರೀತಿಯೂ ಬೇರೆ.

ಮೆಟ್ಟಿಲು ಹತ್ತುವಾಗ ನಮ್ಮ ಮುಂದಿದ್ದ ಹಿರಿಯರೊಬ್ಬರು ಮಂಡಿ ಹಿಡಿದುಕೊಂಡು ಒಂದು ಕ್ಷಣ ಕೂತರು. ಎಲ್ಲಿಂದಲೋ ಚುರುಕಾಗಿ ಸೀಟಿ ಕೇಳಿಸಿತು. ಕಾವಲಿನವರು ಕೈಸನ್ನೆ ಮಾಡಿ ಎಬ್ಬಿಸಿದರು. ಇಲ್ಲಿ ಕೂರುವಂತಿಲ್ಲ, ತಿನ್ನುವಂತಿಲ್ಲ. ಯಾಕೆ ಇಷ್ಟು ಬಿಗಿ ಅನ್ನಿಸುವುದು ಸಹಜ. ಕಾರಣ ನಡುವಿನ ಅಂತಸ್ತಿನಲ್ಲಿದೆ. ಅಲ್ಲಿ ರೋಮಾ ದೇವತೆಯ ವಿಗ್ರಹದ ಪಾದದ ಕೆಳಗೆ, ಎರಡು ಜ್ವಾಲೆಗಳ ನಡುವೆ, ಹೆಸರಿಲ್ಲದ ಸೈನಿಕನೊಬ್ಬನ ಸಮಾಧಿಯಿದೆ. ಎರಡು ಬದಿಗೂ ಒಬ್ಬೊಬ್ಬ ಯೋಧ ಕಾವಲು. ದೊರೆಯ ಕುದುರೆಯನ್ನು ಗೇಲಿ ಮಾಡುವ ರೋಮಿನವರು ಇದನ್ನು ಗೇಲಿ ಮಾಡುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಗುರುತು ಸಿಗದೆ ಮಣ್ಣಾದವರು ಲೆಕ್ಕವಿಲ್ಲದಷ್ಟು. ಬೇರೆ ಬೇರೆ ರಣರಂಗಗಳಿಂದ ಅಂಥ 11 ದೇಹಗಳನ್ನು ತಂದು ಈಶಾನ್ಯದ ಅಕ್ವಿಲೇಯಾ ಊರಿನ ಚರ್ಚಿನಲ್ಲಿ ಸಾಲಾಗಿ ಇಟ್ಟರು. ಒಂದನ್ನು ಆರಿಸುವ ಕೆಲಸ ಮರೀಯಾ ಬೆರ್ಗಮಾಸ್ ಎಂಬ ತಾಯಿಯದು. ಆಕೆಯ ಊರು ಆಗ ಆಸ್ಟ್ರಿಯಾದ ಸಾಮ್ರಾಜ್ಯದೊಳಗಿತ್ತು. ಮಗ ಅಂತೋನಿಯೊನನ್ನು ಆಸ್ಟ್ರಿಯಾದ ಸೈನ್ಯಕ್ಕೆ ಸೇರಿಸಿಕೊಂಡಿದ್ದರು. ಅವನು ಅಲ್ಲಿಂದ ತಪ್ಪಿಸಿಕೊಂಡು ಇಟಲಿಯ ಕಡೆ ಸೇರಿದ, ಬೇರೆ ಹೆಸರಿನಲ್ಲಿ ಹೋರಾಡಿದ, 1916ರಲ್ಲಿ ಸತ್ತ. ಅಂದರೆ ಸಾಯುವ ಮುಂಚೆಯೇ ಅವನು ತನ್ನ ಹೆಸರನ್ನು ಕಳಚಿಟ್ಟಿದ್ದ. ಆಮೇಲೆ ದೇಹದ ಗುರುತೂ ಉಳಿಯಲಿಲ್ಲ. 1921ರ ಅಕ್ಟೋಬರ್ 28ರಂದು ಆ ತಾಯಿ ಪೆಟ್ಟಿಗೆಗಳ ಸಾಲಿನ ಮುಂದೆ ಒಂದೊಂದೇ ಹೆಜ್ಜೆ ಇಡುತ್ತ ಬಂದು, ಹತ್ತನೆಯದರ ಮುಂದೆ ಮಗನ ಹೆಸರು ಕೂಗಿ ಕುಸಿದು ಬಿದ್ದರು. ಆ ಪೆಟ್ಟಿಗೆಯನ್ನು ರೈಲಿನಲ್ಲಿ ರೋಮಿಗೆ ತಂದರು. ರೈಲು ನಿಧಾನಕ್ಕೆ ಚಲಿಸಿತು. ದಾರಿಯ ನಿಲ್ದಾಣಗಳಲ್ಲಿ ಜನ ಮಂಡಿಯೂರಿ ಕಾದಿದ್ದರು. ನವೆಂಬರ್ 4ರಂದು ಇಲ್ಲಿ ಇಳಿಸಿದರು. ಉಳಿದ ಹತ್ತು ಅಕ್ವಿಲೇಯಾದಲ್ಲೇ ಮಣ್ಣಾದವು. ಮರೀಯಾ 1953ರವರೆಗೆ ಬದುಕಿದ್ದರು. ಆಕೆಯ ಸಮಾಧಿಯೂ ಅಲ್ಲೇ ಇದೆ.

ದೊರೆಗೆಂದು ಕಟ್ಟಿದ ಜಾಗಕ್ಕೆ ಒಬ್ಬ ಹೆಸರಿಲ್ಲದವನು ಬಂದದ್ದರಿಂದ ಸ್ಮಾರಕಕ್ಕೆ ಮರ್ಯಾದೆ ಬಂತು ಅನ್ನಿಸುತ್ತದೆ ನನಗೆ. 1946ರಲ್ಲಿ ಇಟಲಿಯ ಜನ ಮತ ಹಾಕಿ ರಾಜಮನೆತನವನ್ನೇ ಮನೆಗೆ ಕಳಿಸಿದರು. ಆದರೂ ಪ್ರತಿ ಜೂನ್ 2ರ ಗಣರಾಜ್ಯ ದಿನದಂದು ರಾಷ್ಟ್ರಾಧ್ಯಕ್ಷರು ಇಲ್ಲಿಗೇ ಬಂದು ಪುಷ್ಪಚಕ್ರ ಇಡುತ್ತಾರೆ; ಆಕಾಶದಲ್ಲಿ ವಿಮಾನಗಳು ಮೂರು ಬಣ್ಣದ ಹೊಗೆ ಬಿಡುತ್ತವೆ. ಪಟ್ಟ ಕಳೆದುಕೊಂಡ ಮನೆತನದ ದೊರೆ ಮಾತ್ರ ಮೇಲೆ ಕುದುರೆಯ ಮೇಲೆ ಹಾಗೇ ಕೂತಿದ್ದಾನೆ, ಯಾರೂ ಇಳಿಸಲಿಲ್ಲ. ನಡುವೆ ಒಂದು ಕೆಟ್ಟ ಕಾಲವೂ ಬಂದಿತ್ತು. 1969ರ ಡಿಸೆಂಬರ್ 12ರಂದು, ಮಿಲಾನ್‌ನ ಬ್ಯಾಂಕಿನಲ್ಲಿ ಬಾಂಬ್ ಸಿಡಿದು ಜನ ಸತ್ತ ದಿನವೇ, ಇಲ್ಲೂ ಬಾಂಬ್ ಸಿಡಿಯಿತು. ಸ್ಮಾರಕದ ಬಾಗಿಲು ಮುಚ್ಚಿತು. ಸಾರ್ವಜನಿಕರಿಗೆ ಮತ್ತೆ ತೆರೆದದ್ದು 2000ದಲ್ಲಿ, ಅಧ್ಯಕ್ಷ ಕಾರ್ಲೊ ಅಜೇಲಿಯೊ ಚಾಂಪಿಯ ಆಸ್ಥೆಯಿಂದ. ಒಂದು ಇಡೀ ತಲೆಮಾರು ಇದನ್ನು ಹೊರಗಿನಿಂದಲೇ ನೋಡಿ ಬೆಳೆಯಿತು ಅಂದಹಾಗಾಯಿತು. ಅಡ್ಡಹೆಸರುಗಳು ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳಲು ಅದೂ ಒಂದು ಕಾರಣ ಇದ್ದೀತು.

ಹಿಂಬದಿಯಿಂದ ಗಾಜಿನ ಲಿಫ್ಟು. 2007ರಲ್ಲಿ ಹಾಕಿದ್ದು. ಟಿಕೆಟ್ಟು ದುಬಾರಿಯೇ, ಕ್ಯೂ ಕೂಡ ಉದ್ದ. ಮೇಲೆ ಬಾಗಿಲು ತೆರೆದಾಗ ಮೊದಲು ಸ್ವಾಗತಿಸಿದ್ದು ಕಡಲಕ್ಕಿಗಳು. ಸಮುದ್ರ ಇಪ್ಪತ್ತೈದು ಕಿಲೋಮೀಟರ್ ಆಚೆ ಇದ್ದರೂ ಈ ಹಕ್ಕಿಗಳು ರೋಮಿನ ಮಾಳಿಗೆಗಳನ್ನು ತಮ್ಮದಾಗಿಸಿಕೊಂಡಿವೆ. ಒಂದು ಬಂದು ಕಟಕಟೆಯ ಮೇಲೆ ಕೂತು ನನ್ನ ಕೈಚೀಲದ ಮೇಲೆ ಕಣ್ಣು ಹಾಕಿತು.

ಉತ್ತರದ ನೋಟಕ್ಕೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ನೇರಕ್ಕೆ ಎಳೆದ ಗೆರೆಯಂತೆ ಹೋಗುವ ಕೋರ್ಸೊ ಬೀದಿ, ತುದಿಯಲ್ಲಿ ಕಡ್ಡಿಯಂತೆ ನಿಂತ ಈಜಿಪ್ಟಿನ ಕಲ್ಲುಕಂಬ. ಎಡಕ್ಕೆ ಪ್ಯಾಂಥಿಯನ್‌ನ ತಗ್ಗು ಗುಮ್ಮಟ, ಆಚೆಗೆ ಸಂತ ಪೀಟರ್. ಕೆಳಗೆ ಎಡಗಡೆ ಪಲಾಝೊ ವೆನೆಝಿಯಾ. ಅದರ ಒಂದು ಸಣ್ಣ ಬಾಲ್ಕನಿಯಲ್ಲಿ ನಿಂತು 1940ರ ಜೂನ್ 10ರಂದು ಮುಸೊಲಿನಿ ಯುದ್ಧ ಸಾರಿದ. ಬಾಲ್ಕನಿ ಎಷ್ಟು ಚಿಕ್ಕದೆಂದರೆ ಯಾರಾದರೂ ತೋರಿಸದಿದ್ದರೆ ಗೊತ್ತೇ ಆಗುವುದಿಲ್ಲ.

ಜನರೆಲ್ಲ ನಿಂತಿರುವುದು ಇನ್ನೊಂದು ಬದಿಯಲ್ಲಿ. ಅಲ್ಲಿ ಹಳೆಯ ರೋಮ್ ಬಿದ್ದಿದೆ. ಬಲಕ್ಕೆ, ಗುಡ್ಡದ ಬೆನ್ನ ಹಿಂದೆ, ಫೋರಂ, ಅಂದರೆ ಹಳೆಯ ರೋಮಿನವರು ಸೇರುತ್ತಿದ್ದ ಊರಚೌಕ. ಅದರ ಮೇಲ್ಗಡೆ ಕೊಡೆಯಂಥ ಪೈನ್ ಮರಗಳ ಪ್ಯಾಲಟೈನ್ ಗುಡ್ಡ. ನಡುವೆ ನೇರವಾದ ಒಂದು ದೊಡ್ಡ ರಸ್ತೆ, ಅದರ ಕೊನೆಗೆ ಕೊಲೊಸಿಯಂ. ಎಡಕ್ಕೆ ಟ್ರಾಜನ್ ಚಕ್ರವರ್ತಿಯ ಮಾರುಕಟ್ಟೆಯ ಇಟ್ಟಿಗೆಯ ಅರ್ಧಚಂದ್ರ, ಅದರ ಮುಂದೆ ಅವನ ಸ್ತಂಭ. ಕ್ರಿ.ಶ. 113ರ ಆ ಸ್ತಂಭದ ಕಾಂಡ ನೂರು ರೋಮನ್ ಅಡಿ, ಮೈ ತುಂಬ ಡೇಶಿಯಾದ ಯುದ್ಧಗಳ ಕೆತ್ತನೆ ಬುಡದಿಂದ ತುದಿಯವರೆಗೆ ಸುತ್ತಿಕೊಂಡು ಹೋಗುತ್ತದೆ. ತುದಿಯಲ್ಲಿ ಈಗ ಇರುವವನು ಟ್ರಾಜನ್ ಅಲ್ಲ, ಸಂತ ಪೀಟರ್. 1587ರಲ್ಲಿ ಪೋಪರು ಏರಿಸಿದ್ದು. ಕೆತ್ತನೆ ಒಬ್ಬನದು, ತುದಿ ಇನ್ನೊಬ್ಬನದು. ಯಾರೂ ಅದಕ್ಕಾಗಿ ಜಗಳಾಡುವುದಿಲ್ಲ.

ಎದುರಿಗೇ ಕಾಣುವ, ಯಾವ ಅಲಂಕಾರವೂ ಇಲ್ಲದ ಇಟ್ಟಿಗೆಯ ಪೆಟ್ಟಿಗೆಯಂಥ ಕಟ್ಟಡ ಕ್ಯೂರಿಯಾ, ಅಂದರೆ ಸೆನೆಟ್ ಸಭೆ ಸೇರುತ್ತಿದ್ದ ಮನೆ. ಇಷ್ಟು ಇಡಿಯಾಗಿ ಅದು ಉಳಿದದ್ದು ಹೇಗೆ? ಏಳನೇ ಶತಮಾನದಲ್ಲಿ ಚರ್ಚು ಆಯಿತು, ಆದ್ದರಿಂದ ಉಳಿಯಿತು. ಸಾವಿರದ ಮುನ್ನೂರು ವರ್ಷ ಅಲ್ಲಿ ಪೂಜೆ ನಡೆಯಿತು, ಒಬ್ಬೊಬ್ಬರೂ ತಮ್ಮ ಕಾಲದ ಅಲಂಕಾರ ಸೇರಿಸುತ್ತ ಬಂದರು. 1930ರ ದಶಕದಲ್ಲಿ ಅದನ್ನೆಲ್ಲ ಸುಲಿದು ತೆಗೆದರು, ಒಳಗಿನ ರೋಮನ್ ಇಟ್ಟಿಗೆ ಕಾಣಬೇಕೆಂದು. ಕಾಪಾಡಿದ ಚರ್ಚನ್ನೇ ಹೊರಗೆ ಹಾಕಿದಂತಾಯಿತು. ಅಲ್ಲಿಂದ ತುಸು ಆಚೆಗೆ ಚಕ್ರವರ್ತಿ ಆಂಟೊನೈನಸ್ ತನ್ನ ಹೆಂಡತಿ ಫೌಸ್ಟಿನಾಳಿಗೆ ಕಟ್ಟಿಸಿದ ದೇವಾಲಯ. ಅದರ ಕಂಬಗಳ ಹಿಂದೆ ಚರ್ಚು ಈಗಲೂ ಇದೆ, ಆದರೆ ಬಾಗಿಲು ಗೋಡೆಯ ನಡುಮಧ್ಯದಲ್ಲಿ ನೇತಾಡುತ್ತಿದೆ, ಕೆಳಗೆ ಮೆಟ್ಟಿಲಿಲ್ಲ. ಚರ್ಚಿನ ಬಾಗಿಲು ಇಟ್ಟ ಕಾಲದಲ್ಲಿ ನೆಲ ಅಷ್ಟು ಮೇಲಿತ್ತು. ಶತಮಾನಗಳ ಹೂಳು ತುಂಬಿ ಫೋರಂ ಮುಚ್ಚಿಹೋಗಿ, ಅದರ ಮೇಲೆ ದನ ಮೇಯುತ್ತಿದ್ದವು, ದನದ ಸಂತೆ ಸೇರುತ್ತಿತ್ತು. ದನದ ಬಯಲು ಎಂದೇ ಜನ ಕರೆಯುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಅಗೆಯತೊಡಗಿದರು. 1898ರಿಂದ ಜಾಕೊಮೊ ಬೋನಿ ಪದರ ಪದರವಾಗಿ, ಒಂದೊಂದು ಪದರದ ಲೆಕ್ಕ ಬರೆದುಕೊಂಡು ಅಗೆದ. ಅವನ ನಂತರದವರಿಗೆ ಅಷ್ಟು ತಾಳ್ಮೆ ಇರಲಿಲ್ಲ.

ನಡುವಿನ ಆ ರಸ್ತೆಯನ್ನೇ ನೋಡಿ. ಇಷ್ಟೆಲ್ಲ ನಮಗೆ ಒಂದೇ ನೋಟಕ್ಕೆ ಸಿಗುವುದು ಅದರಿಂದ. ಫೋಟೊ ತೆಗೆಯುವವರೆಲ್ಲ ಅದನ್ನೇ ನಡುವೆ ಇಟ್ಟುಕೊಂಡು ತೆಗೆಯುತ್ತಾರೆ, ಕೊನೆಗೆ ಕೊಲೊಸಿಯಂ ಬರುವ ಹಾಗೆ. ಅದು ಪ್ರಾಚೀನವಲ್ಲ, ಸಾಮ್ರಾಜ್ಯದ ರಸ್ತೆ ಎಂಬ ಹೆಸರಿನಲ್ಲಿ ಮುಸೊಲಿನಿ 1932ರ ಅಕ್ಟೋಬರ್ 28ರಂದು ಉದ್ಘಾಟಿಸಿದ್ದು. ಅವನ ಕರಿ ಅಂಗಿಯವರು ರೋಮಿನ ಮೇಲೆ ನಡೆದುಬಂದು ಅಧಿಕಾರ ಹಿಡಿದು ಸರಿಯಾಗಿ ಹತ್ತು ವರ್ಷಕ್ಕೆ. ಆ ನಡಿಗೆಗೂ ಒಂದು ವರ್ಷ ಹಿಂದೆ, ಅದೇ ತಾರೀಖಿನಂದು, ಅಕ್ವಿಲೇಯಾದಲ್ಲಿ ಮರೀಯಾ ಕುಸಿದು ಬಿದ್ದಿದ್ದರು. ರಸ್ತೆ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೆ ಅದಕ್ಕಾಗಿ ವೇಲಿಯಾ ಎಂಬ ದಿಬ್ಬವನ್ನು ಸೀಳಿ ಸಮ ಮಾಡಿದರು. ಸೀಳುವಾಗ ಪುರಾತನ ಆನೆಯೊಂದರ ಪಳೆಯುಳಿಕೆಯೂ ಸಿಕ್ಕಿತು. ಹದಿನಾರನೇ ಶತಮಾನದಿಂದ ಜನ ಬಾಳುತ್ತಿದ್ದ ಅಲೆಸ್ಸಾಂದ್ರೀನೊ ಎಂಬ ಇಡೀ ಬಡಾವಣೆಯನ್ನು, ಅದರ ಓಣಿ, ಚರ್ಚು, ಅಂಗಡಿಗಳ ಸಮೇತ, ನೆಲಸಮ ಮಾಡಿದರು. ಸಾವಿರಾರು ಜನ ಗಂಟುಮೂಟೆ ಕಟ್ಟಿದರು. ಹಾಗೆ ಬಯಲಾದ ಚಕ್ರವರ್ತಿಗಳ ಫೋರಂಗಳನ್ನಾದರೂ ಸರಿಯಾಗಿ ಬಿಟ್ಟರೆ? ಅವುಗಳ ದೊಡ್ಡ ಪಾಲಿನ ಮೇಲೆ ಮತ್ತೆ ಮಣ್ಣು ಹಾಕಿ ಇದೇ ರಸ್ತೆ ಮಾಡಿದರು. ಅವಶೇಷ ನೋಡಲೆಂದು ಅವಶೇಷದ ಮೇಲೇ ಡಾಂಬರು. ರಸ್ತೆಯನ್ನು ಕಿತ್ತು ಹಾಕಬೇಕೆಂಬ ವಾದ 1980ರ ಸುಮಾರಿಗೆ ಜೋರಾಗಿ ಎದ್ದಿತ್ತು. ಫೋರಂಗೂ ಗುಡ್ಡಕ್ಕೂ ನಡುವೆ ಇದ್ದ ಒಂದು ಸಣ್ಣ ರಸ್ತೆ ಹೋಯಿತು. ದೊಡ್ಡದು ಹಾಗೇ ಇದೆ.

“ಇದನ್ನ ನೋಡಿದಾಗೆಲ್ಲ ನಂಗೆ ಹಂಪಿ ನೆನಪಾಗುತ್ತೆ,” ಅಂದಳು ಹುಡುಗಿ.

ನನಗೂ ಅದೇ ತಲೆಯಲ್ಲಿತ್ತು. ನಾವು ಚಿತ್ರದುರ್ಗದ ಕಡೆಯವರು, ಹಂಪಿ ನಮಗೆ ದೂರವಲ್ಲ. ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದವರು, ಹೋಟೆಲ್ ಇಟ್ಟಿದ್ದವರು, ಬಟ್ಟೆ ಹೊಲಿಯುತ್ತಿದ್ದವರು ನನಗೆ ನೆನಪಿದ್ದಾರೆ. 2011ರಲ್ಲಿ ಜೆಸಿಬಿ ಬಂತು. ವಿಶ್ವ ಪರಂಪರೆಯ ತಾಣ, ಒತ್ತುವರಿ, ಕಲ್ಲುಕಂಬಕ್ಕೆ ಹಾನಿ, ಇವು ಕಾರಣಗಳು. ಅವುಗಳಲ್ಲಿ ಹುರುಳೂ ಇತ್ತು. ಅಲ್ಲಿದ್ದವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಈಗ ಬಜಾರು ಕಲ್ಲಿನ ಸಾಲು ಮಾತ್ರ, ಕಣ್ಣಿಗೆ ಅಡ್ಡಿಯಿಲ್ಲ. ವಿಜಯನಗರದ ಕಾಲದಲ್ಲಿ ಆ ಬೀದಿ ಕಣ್ಣಿಗೆ ಅಡ್ಡಿಯಿಲ್ಲದ ಬೀದಿಯಾಗಿತ್ತು ಎಂದು ಮಾತ್ರ ಯಾರೂ ಹೇಳಲಾರರು. ಅದು ಬಜಾರು, ಜನ ಕಿಕ್ಕಿರಿದಿದ್ದ ಜಾಗ. ಮುಸೊಲಿನಿಯ ಗರ್ವಕ್ಕೂ ನಮ್ಮ ಜಿಲ್ಲಾಡಳಿತದ ಕಡತಕ್ಕೂ ಹೋಲಿಕೆ ಮಾಡುವುದು ನ್ಯಾಯವಲ್ಲ. ಆದರೆ ಪಾಳು ಅನ್ನುವುದು ತಾನಾಗಿ ಹೀಗೆ ಅಚ್ಚುಕಟ್ಟಾಗಿ ಬಿದ್ದಿರುವುದಿಲ್ಲ, ಅದನ್ನು ಯಾರೋ ಪಾಳಾಗಿ ಇಡುತ್ತಾರೆ, ಅದಕ್ಕೆ ಯಾರನ್ನೋ ಎಬ್ಬಿಸಬೇಕಾಗುತ್ತದೆ ಅನ್ನುವುದು ಎರಡೂ ಕಡೆ ನಿಜ. ತೊಂದರೆ ಏನೆಂದರೆ, ನೋಟ ನಿಜಕ್ಕೂ ಚೆನ್ನಾಗಿದೆ. ಸಂಜೆಯ ಬಿಸಿಲು ಇಟ್ಟಿಗೆಯ ಮೇಲೆ ಬಿದ್ದಾಗ ನಾನು ಅಲ್ಲಿಂದ ಕದಲಲೇ ಇಲ್ಲ.

ರಸ್ತೆಯ ಬಲಕ್ಕೆ, ಕೊಲೊಸಿಯಂಗೆ ಹೋಗುವ ದಾರಿಯಲ್ಲಿ, ಮೂರು ದೈತ್ಯ ಕಮಾನುಗಳು ಬಾಯಿ ತೆರೆದು ನಿಂತಿವೆ. ಅದು ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ನ ಬಸಿಲಿಕಾ ಎಂಬ ಸಭಾಭವನ, ನಾಲ್ಕನೇ ಶತಮಾನದ್ದು. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಅದರ ಅಡಿಯಲ್ಲಿ ಹುದುಗಿರುವುದರ ಮೇಲೆ: ಡೊಮಿಶಿಯನ್ ಚಕ್ರವರ್ತಿ ಕಟ್ಟಿಸಿದ ಮೆಣಸಿನ ಉಗ್ರಾಣ. ಮೆಣಸು ಅಂದರೆ ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು. ಮಳೆಗಾಲದ ಗಾಳಿ ಹಿಡಿದು ಬರುತ್ತಿದ್ದ ಹಡಗುಗಳು ಅದನ್ನು ಕೆಂಪು ಸಮುದ್ರಕ್ಕೆ, ಅಲ್ಲಿಂದ ಈಜಿಪ್ಟಿಗೆ, ಅಲ್ಲಿಂದ ಇಲ್ಲಿಗೆ ಮುಟ್ಟಿಸುತ್ತಿದ್ದವು. ಭಾರತ ರೋಮಿನಿಂದ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣ ಹೀರುತ್ತಿದೆ ಎಂದು ಆ ಕಾಲದಲ್ಲೇ ರೋಮನ್ ಲೇಖಕ ಪ್ಲೀನಿ ಗೊಣಗಿದ್ದಾನೆ. ಹಾಗೆ ಹೋದ ನಾಣ್ಯಗಳು ಎಲ್ಲೆಲ್ಲಿ ಬಿದ್ದವು ಅಂತ ನಮಗೆ ಗೊತ್ತು. ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕಿವೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್‌ನ, ಟೈಬೀರಿಯಸ್‌ನ ಬೆಳ್ಳಿಯ ದಿನಾರಿಗಳು ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ಕಾಲನಿರ್ಣಯಕ್ಕೆ ಅವೂ ಆಧಾರವಾದವು. ಶಾಲೆಯ ದಿನಗಳಲ್ಲಿ ಚಂದ್ರವಳ್ಳಿ ಕೆರೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು. ಗುಹೆಯ ಕತ್ತಲೆಗೆ ಹೆದರಿ ಕಿರುಚುತ್ತಿದ್ದೆವು. ಅಲ್ಲಿ ರೋಮಿನ ದುಡ್ಡು ಸಿಕ್ಕಿದೆ ಅಂತ ಮೇಷ್ಟ್ರು ಹೇಳಿದಾಗ ನಮಗೆ ಅದು ಸಾತವಾಹನರ ಮೇಲಿನ ಎರಡು ಅಂಕದ ಪ್ರಶ್ನೆ, ಅಷ್ಟೆ. ಇಲ್ಲಿ ಕಟಕಟೆಗೆ ಒರಗಿ ಆ ಕಮಾನುಗಳನ್ನು ನೋಡುವಾಗ, ಆ ಲೇವಾದೇವಿಯ ಇನ್ನೊಂದು ತುದಿ ಮೊದಲ ಸಲ ಕಣ್ಣಿಗೆ ಬಿತ್ತು.

ಇಳಿದು ಬಂದು ಸ್ಮಾರಕದ ಬಲಕ್ಕೆ ಹೋದೆವು. ಅಲ್ಲಿ ರಸ್ತೆಯ ಮಟ್ಟದಿಂದ ಕೆಳಗೆ ಒಂದು ಗುಂಡಿ, ಅದರೊಳಗೆ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಇಟ್ಟಿಗೆಯ ಮನೆ. ಮೇಲಿನ ಬಿಳುಪಿಗೆ ಕಣ್ಣು ಕೊಟ್ಟವರಿಗೆ ಇದು ಕಾಣುವುದೇ ಇಲ್ಲ. ನಾವು ನಿಂತಷ್ಟು ಹೊತ್ತೂ ಜನ ಪಕ್ಕದಲ್ಲೇ ಹಾದುಹೋದರು. ಇದು ಎರಡನೇ ಶತಮಾನದ ವಠಾರ. ನೆಲಮಟ್ಟದಲ್ಲಿ ಅಂಗಡಿಗಳು, ಅದರ ಮೇಲೆ ಬಾಡಿಗೆ ಮನೆಗಳು, ಮೇಲೆ ಹೋದಷ್ಟೂ ಕೋಣೆ ಇಕ್ಕಟ್ಟು, ಬೆಳಕು ಕಡಿಮೆ, ಬಡವರ ಪಾಲು. ಮಧ್ಯಯುಗದಲ್ಲಿ ಅದರ ಮೇಲೆ ಒಂದು ಚರ್ಚು ಕಟ್ಟಿದರು. ಅದರ ಗೋಡೆಚಿತ್ರದ ತುಣುಕು, ಗಂಟೆಯ ಗೋಪುರ ಈಗಲೂ ಇವೆ. ಸುತ್ತಲಿನ ಮನೆಗಳನ್ನು ಕೆಡವುವಾಗ ಒಳಗಿನಿಂದ ಈ ವಠಾರ ಹೊರಬಿತ್ತು. ಮನೆ ಕೆಡವಿದರೆ ಸಿಕ್ಕಿದ್ದೂ ಮನೆಯೇ! ರೋಮಿನಲ್ಲಿ ಕಂಡ ಎಲ್ಲ ಅವಶೇಷಗಳಲ್ಲಿ ಅಡುಗೆಯ ಹೊಗೆ, ಬಾಡಿಗೆಯ ಜಗಳ ಊಹಿಸಲು ಆದದ್ದು ನನಗೆ ಇಲ್ಲಿ ಮಾತ್ರ.

ಹಾಗಾದರೆ ಅಲೆಸ್ಸಾಂದ್ರೀನೊದಿಂದ ಎದ್ದವರು, ಈ ಗುಡ್ಡದ ಬುಡದಿಂದ ಎದ್ದವರು ಎಲ್ಲಿಗೆ ಹೋದರು ಅಂತ ಕೇಳಿದೆ. ಊರಾಚೆಯ ಬಯಲಿನಲ್ಲಿ ತರಾತುರಿಯಲ್ಲಿ ಕಟ್ಟಿದ ಕಾಲೊನಿಗಳಿಗೆ ಹಲವರು. “ಗಾರ್ಬಟೆಲ್ಲಾಗೂ ಸುಮಾರು ಜನ ಬಂದ್ರು, ನಡಿ ತೋರಿಸ್ತೀನಿ, ಮೆಟ್ರೊದಲ್ಲಿ ಹತ್ತಿರಾನೇ,” ಅಂದಳು. ಕೊಲೊಸಿಯಂವರೆಗೆ ಅದೇ ರಸ್ತೆಯಲ್ಲಿ ನಡೆದು ರೈಲು ಹತ್ತಿದೆವು.

ಗಾರ್ಬಟೆಲ್ಲಾ ಕಾರ್ಮಿಕರಿಗೆಂದು ಶುರುವಾದ ಬಡಾವಣೆ. 1920ರ ಫೆಬ್ರುವರಿ 18ರಂದು ಅದರ ಅಡಿಗಲ್ಲು ಇಟ್ಟವನು ಮೂರನೇ ವಿಟ್ಟೋರಿಯೊ ಇಮಾನುಯೆಲೆ, ಸ್ಮಾರಕದ ಕುದುರೆ ಸವಾರನ ಮೊಮ್ಮಗ. ಆ ಕಲ್ಲಿನ ಫಲಕ ಒಂದು ಸಣ್ಣ ಚೌಕದ ಗೋಡೆಯಲ್ಲಿ ಇದೆ. ದಶಕದ ಕೊನೆಗೆ ನಗರದ ಹೃದಯದಿಂದ ಎಬ್ಬಿಸಿದವರನ್ನು ತಾತ್ಕಾಲಿಕವಾಗಿ ಇಳಿಸಲು ಇಲ್ಲಿ ದೊಡ್ಡ ವಸತಿಗೃಹಗಳನ್ನು ಕಟ್ಟಿದರು. ಹೋಟೆಲ್ ಎಂಬ ಅರ್ಥದ ಹೆಸರು, ಒಳಗೆ ಸಾಲು ಸಾಲು ಕೋಣೆ, ಹೋಗಿಬರಲು ಕಟ್ಟುಪಾಡು. ವಾಸ್ತುಶಿಲ್ಪಿ ಇನ್ನೊಚೆಂತ್ಸೊ ಸಬ್ಬತೀನಿ ಕಟ್ಟಿದ, ಗೋಡೆ ಗಡಿಯಾರದ ಕೆಂಪು ಕಟ್ಟಡ ಇಂದಿಗೂ ಠೀವಿಯಿಂದ ನಿಂತಿದೆ. ತಾತ್ಕಾಲಿಕ ಅಂದದ್ದು ತಲೆಮಾರುಗಳಾಯಿತು. ಅಂಗಳಗಳಲ್ಲಿ ತೋಟ, ಹಗ್ಗದ ತುಂಬ ಬಟ್ಟೆ, ಅಡ್ಡಾದಿಡ್ಡಿ ಮೆಟ್ಟಿಲು, ಕಿಟಕಿಯಿಂದ ಕಿಟಕಿಗೆ ಮಾತು. ಮಕ್ಕಳು ಗೋಡೆಗೆ ಚೆಂಡು ಒದೆಯುತ್ತಿದ್ದರು. ಪ್ರವಾಸಿಗಳೂ ಅಲ್ಲಲ್ಲಿ ಫೋಟೊ ತೆಗೆಯುತ್ತಿದ್ದರು. ಟಿವಿ ಧಾರಾವಾಹಿಯಲ್ಲಿ ಬಂದ ಮೇಲೆ ಇದೂ ನೋಡುವ ಜಾಗವಾಗಿದೆಯಂತೆ.

“ನಾನು ರೋಮಿಗೆ ಬಂದ ಹೊಸದ್ರಲ್ಲಿ ಇಲ್ಲೇ ಒಂದು ರೂಮು ಹುಡುಕಿದ್ದೆ,” ಅಂದಳು. “ಬಾಡಿಗೆ ಕೇಳಿ ವಾಪಸ್ ಬಂದೆ. ಈಗ ಇಲ್ಲಿ ದುಡ್ಡಿದ್ದೋರೇ ಇರೋದು ದೊಡ್ಡಮ್ಮ, ಹಳಬರ ಮಕ್ಕಳೆಲ್ಲ ಇನ್ನೂ ಆಚೆಗೆ ಹೋಗಿದಾರೆ.”

ಅವಳ ರೂಮು ಇಲ್ಲಿಂದ ಎರಡು ಬಸ್ಸು ಬದಲಿಸುವಷ್ಟು ದೂರ. ರಾತ್ರಿ ಅನ್ನಕ್ಕೆ ಸಾರು ಮಾಡೋಣ ಅಂದಳು. ಮನೆಯಲ್ಲಿ ಹುಣಸೆಹಣ್ಣು ಮುಗಿದಿದೆಯಂತೆ, ಟೆರ್ಮಿನಿ ಸ್ಟೇಷನ್ ಹತ್ತಿರದ ಬಾಂಗ್ಲಾದವರ ಅಂಗಡಿ ಮುಚ್ಚುವುದರೊಳಗೆ ಹೋಗಬೇಕು ಅಂತ ಅವಸರ ಮಾಡಿದಳು.